ಒಂಬತ್ತನೇ ತರಗತಿಯ ಪೋಷಕರಿಗೆ: ಶನಿವಾರ ಓದಿದ ಕಥೆಯ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಮಧ್ಯಾಹ್ನದಿಂದ ನನ್ನ ಫೋನಿಗೆ ಬಿಡುವಿಲ್ಲ. ಲೈಬ್ರರಿ ಪಿರಿಯಡ್‌ನಲ್ಲಿ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಓದಿಸಿದ್ದಕ್ಕೆ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. ಒಬ್ಬ ತಾಯಿ, ‘ಮಗಳು ಮಧ್ಯಾಹ್ನ ಊಟ ಬಿಟ್ಟು ಮಲಗಿದಳು, ಏನು ಓದಿಸಿದ್ರಿ ಮೇಡಂ?’ ಎಂದು ಕೇಳಿದರು. ಇನ್ನೊಬ್ಬರು ಗುಂಪಿನಲ್ಲಿ ‘ಮಕ್ಕಳ ಮನಸ್ಸು ಹಾಳು ಮಾಡಬೇಡಿ’ ಎಂದು ಬರೆದರು. ಅದರ ಕೆಳಗೆ ಬಂದ ಹೆಬ್ಬೆರಳುಗಳನ್ನೂ ನೋಡಿದೆ. ಗುಂಪಿನಲ್ಲಿ ಉತ್ತರ ಬರೆದರೆ ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಈ ಪತ್ರ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾಣಿ ಎಂಬ ಪುಟ್ಟ ಹುಡುಗ ವೇದ ಕಲಿಯಲು ಉಡುಪರ ಮನೆಗೆ ಬರುತ್ತಾನೆ. ಮನೆ ಬಿಟ್ಟು ಬಂದವನು, ಹೊಸ ಜಾಗ, ಕಾಡುವ ದೊಡ್ಡ ಹುಡುಗರು. ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸಿರಾಗುತ್ತಾಳೆ. ಊರಿಗೆ ಗೊತ್ತಾಗುತ್ತದೆ. ಬದುಕಿರುವ ಮಗಳಿಗೇ ಅಪ್ಪ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಇದನ್ನೆಲ್ಲ ನಾವು ನೋಡುವುದು ನಾಣಿಯ ಕಣ್ಣಿನಿಂದ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಸಿನಿಮಾ ಮಾಡಿದರು. ಅವರ ಮೊದಲ ಸಿನಿಮಾ ಅದು, ಅದಕ್ಕೇ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪ್ರಶಸ್ತಿ ಬಂತು. ಬರೆದವರು, ಸಿನಿಮಾ ಮಾಡಿದವರು ಇಬ್ಬರೂ ನಮ್ಮ ತೀರ್ಥಹಳ್ಳಿ ಸೀಮೆಯವರೇ. ನಿಮ್ಮಲ್ಲಿ ಕೆಲವರು ಆ ಸಿನಿಮಾ ನೋಡಿರುತ್ತೀರಿ, ಮೆಚ್ಚಿಯೂ ಇರುತ್ತೀರಿ.

ಮಕ್ಕಳ ಮುಗ್ಧತೆ ಕಾಪಾಡಬೇಕು ಎನ್ನುತ್ತೀರಿ. ನಿಜ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಾವು ಅದನ್ನು ಯಾವಾಗ ಕಾಪಾಡಿದ್ದೇವೆ ಹೇಳಿ? ಐದು ವರ್ಷದ ಮಗುವಿಗೆ ಗೋವಿನ ಹಾಡು ಹೇಳಿಕೊಡುವವರು ನಾವೇ. ಅದರಲ್ಲಿ ತಾಯಿ ಹಸು ಸಾಯಲು ಹೊರಡುತ್ತದೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಎಂದು ಕರು ಅಳುತ್ತದೆ. ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ನನ್ನ ಅಜ್ಜಿ ಇದನ್ನು ಹಾಡುವಾಗ ಹುಲಿಯ ಸರದಿ ಬಂದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಜ್ಜಿ ನಿಲ್ಲಿಸುತ್ತಿರಲಿಲ್ಲ. ತಲೆ ಸವರುತ್ತಾ ಪೂರ್ತಿ ಹಾಡಿ, ಆಮೇಲೆ ‘ಹುಲಿಗೆ ಯಾಕೆ ಅಳ್ತೀಯೇ?’ ಎಂದು ಕೇಳುತ್ತಿದ್ದರು. ನಾನು ಏನೋ ಹೇಳುತ್ತಿದ್ದೆ. ಮರುದಿನ ಮತ್ತೆ ಅದೇ ಹಾಡು ಬೇಕು ಎನ್ನುತ್ತಿದ್ದೆ.

ಹೋದ ವರ್ಷದ ವಾರ್ಷಿಕೋತ್ಸವ ನೆನಪಿದೆ ಅಲ್ವಾ? ನಮ್ಮ ಮಕ್ಕಳೇ ಅಭಿಮನ್ಯು ಕಾಳಗ ಆಡಿದರು. ಹದಿನಾರು ವರ್ಷದ ಹುಡುಗ. ಅವನಿಗೆ ಚಕ್ರವ್ಯೂಹದ ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಗುರುಗಳು ಎನ್ನಿಸಿಕೊಂಡ ದೊಡ್ಡವರೆಲ್ಲ ಸೇರಿ ಅವನನ್ನು ಕೊಲ್ಲುತ್ತಾರೆ. ನೀವೆಲ್ಲ ಮುಂದಿನ ಸಾಲಿನಲ್ಲಿ ಕೂತು ವಿಡಿಯೋ ಮಾಡಿದಿರಿ. ಯಾರೂ ಫೋನ್ ಮಾಡಲಿಲ್ಲ.

ಹಾಗಾದರೆ ನಿಮ್ಮ ಬೇಸರ ಸಾವಿನ ಬಗ್ಗೆ ಅಲ್ಲ, ಬಸಿರಿನ ಬಗ್ಗೆ. ಇದನ್ನು ಸುತ್ತಿ ಬಳಸಿ ಹೇಳುವುದಕ್ಕಿಂತ ನೇರ ಹೇಳುವುದು ಒಳ್ಳೆಯದು. ಹದಿನಾಲ್ಕರ ಮಕ್ಕಳು ಕ್ಲಾಸಿನಲ್ಲಿ, ಹುಡುಗರು ಹುಡುಗಿಯರು ಒಟ್ಟಿಗೆ ಕೂತು, ಇಂಥ ಕಥೆ ಕೇಳುವುದು ನಿಮಗೆ ಮುಜುಗರ. ನಾನೂ ಇಬ್ಬರು ಮಕ್ಕಳನ್ನು ಬೆಳೆಸಿದವಳು, ಆ ಮುಜುಗರ ನನಗೂ ಗೊತ್ತು. ಆದರೆ ಈ ಮಕ್ಕಳಿಗೆ ಆ ಪದ ಹೊಸದಲ್ಲ. ವಿಜ್ಞಾನದ ಪುಸ್ತಕದಲ್ಲೂ ಇದೆ, ಮನೆಯ ಟಿವಿ ಧಾರಾವಾಹಿಯಲ್ಲೂ ಇದೆ. ಹೊಸದು ಯಾವುದೆಂದರೆ, ಒಬ್ಬ ಹೆಣ್ಣುಮಗಳಿಗೆ ತನ್ನವರೇ ಹೀಗೆ ಮಾಡಬಹುದು ಎಂಬ ವಿಷಯ. ಮಕ್ಕಳು ಅತ್ತಿದ್ದು ಅದಕ್ಕೆ. ಆ ಅಳುವನ್ನು ಮನಸ್ಸು ಹಾಳಾಗಿದ್ದು ಎಂದು ಕರೆಯಲು ನನಗೆ ಆಗುವುದಿಲ್ಲ.

ಹಾಗೆಂದು ಶಾಲೆಯ ಕಡೆಯಿಂದ ತಪ್ಪೇ ಆಗಿಲ್ಲ ಎಂದು ವಾದಿಸುವುದಿಲ್ಲ. ತಪ್ಪಾಗಿದೆ. ಕಥೆ ನೀಳವಾದದ್ದು, ಮೂರು ಶನಿವಾರ ತೆಗೆದುಕೊಂಡಿತು. ಕೊನೆಯ ಶನಿವಾರ ಕನ್ನಡ ಮೇಡಂ ಕಡೆಯ ಪುಟ ಮುಗಿಸುವುದಕ್ಕೂ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು. ಯಮುನಕ್ಕ ತಲೆ ಬೋಳಿಸಿಕೊಂಡು ಒಬ್ಬಳೇ ಉಳಿದಿದ್ದಾಳೆ. ನಾಣಿಯನ್ನು ಅವನ ಅಪ್ಪ ಬಂದು ಊರಿಗೆ ಕರೆದುಕೊಂಡು ಹೊರಟಿದ್ದಾರೆ. ಅಷ್ಟರಲ್ಲಿ ಮಕ್ಕಳು ಬ್ಯಾಗ್ ಹೆಗಲಿಗೆ ಹಾಕಿ ಬಸ್ಸಿಗೆ ಓಡಬೇಕಾಯಿತು. ಒಬ್ಬಳು ಹುಡುಗಿ ಬಾಗಿಲ ಹತ್ತಿರ ನಿಂತು, ‘ನಾಣಿ ಯಾಕೆ ಅವಳ ಹತ್ತಿರ ಹೋಗಲಿಲ್ಲ ಮೇಡಂ?’ ಎಂದು ಕೇಳಿದಳಂತೆ. ಡ್ರೈವರ್ ಹಾರ್ನ್ ಮಾಡುತ್ತಿದ್ದರು. ಸೋಮವಾರ ಹೇಳ್ತೀನಿ, ಹೋಗು ಎಂದು ಕಳಿಸಿದರಂತೆ.

ಇದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಮೊನ್ನೆ ರಾತ್ರಿ ಕಥೆಯನ್ನು ಇನ್ನೊಂದು ಸಲ ಓದಿದೆ. ನಾಣಿಯ ಮನಸ್ಸಿಗೆ ಏಟು ಬಿದ್ದಿದ್ದು ಅವನು ಕಂಡದ್ದರಿಂದ ಮಾತ್ರ ಅಲ್ಲ ಅನ್ನಿಸಿತು. ಕಂಡದ್ದನ್ನು ಕೂತು ಹೇಳಿಕೊಳ್ಳಲು ಅವನಿಗೆ ಇದ್ದವಳು ಯಮುನಕ್ಕ ಒಬ್ಬಳೇ, ಅವಳನ್ನೇ ಹೊರಗೆ ಹಾಕಿದರು. ಉಳಿದ ದೊಡ್ಡವರು ಹೆದರಿಸುತ್ತಾರೆ, ಇಲ್ಲವೇ ದೂರ ಕಳಿಸುತ್ತಾರೆ. ನಾವು ಬಸ್ಸಿಗೆ ಕಳಿಸಿದೆವು. ನೀವು ಕಥೆಯನ್ನೇ ಪಟ್ಟಿಯಿಂದ ತೆಗೆಯಿರಿ ಎನ್ನುತ್ತಿದ್ದೀರಿ. ಎರಡೂ ಒಂದೇ ಜಾತಿಯ ಕೆಲಸ ಎಂದು ನನಗೆ ಕಾಣುತ್ತದೆ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ, ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಒಬ್ಬ ತಂದೆ ‘ಚಿಕ್ಕಮಕ್ಕಳ ಕಥೆ ಎಷ್ಟು ಬೇಕಾದಷ್ಟು ಇವೆ, ಕೆಂಪು ಟೋಪಿ ಹುಡುಗಿ ತೋಳದ ಕಥೆ ಓದಿಸಿ’ ಎಂದರು. ಆ ಕಥೆ 1697ರಲ್ಲಿ ಫ್ರಾನ್ಸಿನಲ್ಲಿ ಷಾರ್ಲ್ ಪೆರೊ ಅಚ್ಚು ಹಾಕಿಸಿದಾಗ ತೋಳ ಹುಡುಗಿಯನ್ನು ತಿಂದುಬಿಡುತ್ತಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇಟೆಗಾರ ಬಂದು ಹೊಟ್ಟೆ ಸೀಳಿ ಹೊರಗೆ ತೆಗೆಯುವುದು 1812ರ ಗ್ರಿಮ್ ಸೋದರರ ಪುಸ್ತಕದಲ್ಲಿ. ಸುಮ್ನೆ ಹೇಳಿದೆ. ಆ ತಂದೆಯವರ ಮೇಲೆ ಸಿಟ್ಟಿಲ್ಲ, ಫೋನಿನಲ್ಲಿ ಕೊನೆಗೆ ಇಬ್ಬರೂ ನಕ್ಕೆವು.

ಈಗ ವಿಷಯಕ್ಕೆ. ‘ಘಟಶ್ರಾದ್ಧ’ ಪಟ್ಟಿಯಲ್ಲಿ ಇರುತ್ತದೆ. ಒಂಬತ್ತನೇ ತರಗತಿಗೆ ಮಾತ್ರ, ಕೆಳಗಿನ ತರಗತಿಗಳಿಗೆ ಇಲ್ಲ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬರುವುದಿಲ್ಲ. ಯಾವ ಮಗುವಿಗಾದರೂ ಓದಲು ಆಗುತ್ತಿಲ್ಲ ಎನ್ನಿಸಿದರೆ ಮೇಡಂಗೆ ಹೇಳಿದರೆ ಸಾಕು, ಬೇರೆ ಪುಸ್ತಕ ಹಿಡಿದು ಲೈಬ್ರರಿಯಲ್ಲಿ ಕೂರಬಹುದು. ಆದರೆ ಅದು ಮಗುವಿನ ಮಾತಾಗಿರಲಿ. ಚೀಟಿ ಬರೆದು ಬಲವಂತವಾಗಿ ಎಬ್ಬಿಸಬೇಡಿ. ನಿಮಗೆ ಇನ್ನೂ ಒಪ್ಪಿಗೆ ಇಲ್ಲದಿದ್ದರೆ ಬನ್ನಿ, ಕೂತು ಮಾತಾಡೋಣ. ಸಂಜೆ ನಾಲ್ಕರ ನಂತರ ನಾನು ಆಫೀಸಿನಲ್ಲೇ ಇರುತ್ತೇನೆ. ಬರುವ ಮುಂಚೆ ಕಥೆಯನ್ನು ಒಂದು ಸಲ ಓದಿಕೊಂಡು ಬಂದರೆ ಇನ್ನೂ ಒಳ್ಳೆಯದು. ಲೈಬ್ರರಿಯಲ್ಲಿ ಎರಡು ಪ್ರತಿ ಇವೆ, ಮಕ್ಕಳ ಕೈಯಲ್ಲಿ ಕಳಿಸುತ್ತೇನೆ.

ಮುಂದಿನ ವರ್ಷದಿಂದ ಇಂಥ ಕಥೆಗಳ ಪಟ್ಟಿಯನ್ನು ಮೊದಲೇ ನಿಮಗೆ ಕಳಿಸುತ್ತೇವೆ. ಈ ಸಲವೇ ಕಳಿಸಬೇಕಿತ್ತು.

ನಿಮ್ಮಿಂದ ಬೇಕಾದದ್ದು ಒಂದೇ: ಮಗು ಈ ಕಥೆಯ ಬಗ್ಗೆ ಏನಾದರೂ ಕೇಳಿದರೆ ‘ಅದೆಲ್ಲ ನಿನಗೆ ಬೇಡ’ ಎನ್ನಬೇಡಿ.

ಬಾಗಿಲಲ್ಲಿ ನಿಂತು ಕೇಳಿದ ಆ ಹುಡುಗಿಯ ಪ್ರಶ್ನೆಗೆ ಸೋಮವಾರವೂ ಸರಿಯಾಗಿ ಪುರುಸೊತ್ತು ಸಿಗಲಿಲ್ಲ. ಈ ಶನಿವಾರ ಕೊನೆಯ ಪಿರಿಯಡ್ ಪೂರ್ತಿ ಅದಕ್ಕೇ ಇಟ್ಟಿದ್ದೇವೆ, ನಾನೂ ಕೂರುತ್ತೇನೆ. ಮಾತು ಮುಗಿಯುವವರೆಗೆ ಬೆಲ್ ಹೊಡೆಯುವುದಿಲ್ಲ. ಹಾಗಾಗಿ ಒಂಬತ್ತನೇ ತರಗತಿಯ ಮಕ್ಕಳ ಬಸ್ 12.10ರ ಬದಲು 12.45ಕ್ಕೆ ಹೊರಡುತ್ತದೆ. ಸ್ಟಾಪಿನಲ್ಲಿ ಕಾಯುವವರು ದಯವಿಟ್ಟು ಗಮನಿಸಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ