ಮೈದಾನದಲ್ಲಿ ಕಂಡದ್ದನ್ನು ಬರೆಯಿರಿ

ಮಾನ್ಯ ಸಂಪಾದಕರೇ,

ದೊಡ್ಡ ಆಟಗಾರರ ಮನೆ ಜಗಳ, ವಿಚ್ಛೇದನ, ಪಾರ್ಟಿ ಫೋಟೊಗಳು ಈಗ ಕ್ರೀಡಾ ಪುಟಕ್ಕೂ ಬರುತ್ತಿವೆ. ಮೇಲೊಂದು ‘ಅಸಲಿ ಮುಖ ಬಯಲು’ ಅನ್ನುವ ತಲೆಬರಹ. ಅದೇ ಆಟಗಾರ ಹಿಂದಿನ ವಾರ ಪುಟದ ತುಂಬ ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಆಗಿ ನಗುತ್ತಿದ್ದದ್ದು ಜಾಹೀರಾತಿನಲ್ಲಿ. ಆ ನಗುವಿಗೆ ದುಡ್ಡು ಕೊಟ್ಟವರು ಕಂಪನಿಯವರು. ನಾವು ಅದನ್ನೇ ನಿಜ ಅಂತ ನಂಬಿ, ಆಮೇಲೆ ಮೋಸವಾಯಿತು ಅಂತ ಕೂಗಾಡುತ್ತೇವೆ.

ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಅವರನ್ನು ಬಿಸಿಸಿಐ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಟೀವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಕೇಳಿಬಂದ ಮಾತು ಅದಕ್ಕೆ ಕಾರಣ. ಆಮೇಲೆ ತಲಾ 20 ಲಕ್ಷ ದಂಡವೂ ಬಿತ್ತು. ಅದು ಸರಿಯೇ. ಆಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಸ್ಪೋರ್ಟ್ಸ್ ರೂಮಿನ ಬಾಗಿಲಲ್ಲಿ ನಿಂತ. ಬ್ಯಾಟಿನ ಹರಿದ ಗ್ರಿಪ್ಪನ್ನು ಬೆರಳಲ್ಲಿ ಸುತ್ತುತ್ತಾ ಕೇಳಿದ: “ಸಾರ್, ಹಾಗಾದ್ರೆ ಅವ್ರು ಆಡಿದ್ದೂ ಸುಳ್ಳಾ?”

ಮಕ್ಕಳಿಗೆ ಇದೇ ಗೊಂದಲ. ದೊಡ್ಡವರೂ ಇದನ್ನು ಬಿಡಿಸಿ ನೋಡುವುದಿಲ್ಲ.

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ಆಡಿದ್ದೇ ಸುಳ್ಳು. 1999ರಿಂದ 2005ರವರೆಗೆ ಏಳು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದಿದ್ದರು. ಕ್ಯಾನ್ಸರ್ ಗೆದ್ದವರು ಅಂತ ಲೋಕವೇ ಅವರ ಹಳದಿ ಕೈಪಟ್ಟಿ ಕಟ್ಟಿಕೊಂಡಿತ್ತು. ಉದ್ದೀಪನ ಮದ್ದಿನ ವಿಷಯ ಹೊರಬಿದ್ದ ಮೇಲೆ 2012ರಲ್ಲಿ ಏಳೂ ಪ್ರಶಸ್ತಿ ಹೋದವು. ಜೊತೆಗೆ ಓಡಿಸಿ ಸೋತವರಿಗೆ ಆದ ಅನ್ಯಾಯ ಅದು.

ಟೈಗರ್ ವುಡ್ಸ್ ಕಥೆಯೇ ಬೇರೆ. ಅವರ ಗಾಲ್ಫ್ ನಿಜವಾದದ್ದು. ಸುಳ್ಳಾಗಿದ್ದು ಸಂಸಾರವಂದಿಗ ಅನ್ನುವ ಚಿತ್ರ. 2009ರ ನವೆಂಬರಿನಲ್ಲಿ ಮನೆ ಹತ್ತಿರ ಕಾರು ಅಪಘಾತವಾಯಿತು. ಆಮೇಲೆ ಪರಸ್ತ್ರೀ ಸಂಬಂಧಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಜಾಹೀರಾತಿಗೆ ಅವರನ್ನು ಇಟ್ಟುಕೊಂಡಿದ್ದ ಆಕ್ಸೆಂಚರ್ ಕಂಪನಿ ಡಿಸೆಂಬರಿನಲ್ಲೇ ಕೈಬಿಟ್ಟಿತು. ನೈಕಿ ಬಿಡಲಿಲ್ಲ. 2013ರಲ್ಲಿ ವುಡ್ಸ್ ಮತ್ತೆ ನಂಬರ್ ಒನ್ ಆದಾಗ ‘ಗೆದ್ದರೆ ಎಲ್ಲ ಸರಿಹೋಗುತ್ತದೆ’ ಅನ್ನುವ ಅರ್ಥದ ಜಾಹೀರಾತು ಹಾಕಿತು. ನೊಂದ ಹೆಂಡತಿಗೂ ಎಲ್ಲ ಸರಿಹೋಗಿತ್ತಾ? ಅದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಕಂಪನಿಗೆ ಬೇಕಾಗಿದ್ದು ಅವರ ನಡತೆ ಆಗಿರಲೇ ಇಲ್ಲ.

ಒಂದು ಮಾತು ಮಾತ್ರ ಖಡಾಖಂಡಿತ. ಹೊಡೆತ, ಲೈಂಗಿಕ ಕಿರುಕುಳ, ಕೊಲೆಯಂಥ ಆರೋಪ ಯಾರ ಖಾಸಗಿ ವಿಷಯವೂ ಅಲ್ಲ. ದೇಶಕ್ಕೆ ಪದಕ ತಂದವರು ಅಂತ ಅಂಥ ಸುದ್ದಿಯನ್ನು ಮೆತ್ತಗೆ ಮಾಡಬೇಡಿ. ಆದರೆ ಯಾರು ಯಾರ ಜೊತೆ ಊಟಕ್ಕೆ ಹೋದರು, ಯಾವ ದಂಪತಿ ಇನ್‌ಸ್ಟಾಗ್ರಾಮಿನಲ್ಲಿ ಫೋಟೊ ಅಳಿಸಿದರು ಅನ್ನುವುದೆಲ್ಲ ನಮ್ಮ ಮಕ್ಕಳಿಗೆ ಯಾಕೆ ಬೇಕು?

ನಮ್ಮ ಜಿಲ್ಲೆಯವರನ್ನೇ ನೋಡಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಬಿಸಿಸಿಐ ಸುವರ್ಣ ಮಹೋತ್ಸವ ಟೆಸ್ಟಿಗೆ ಭಾರತದ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ 58 ರನ್ನಿಗೇ ಬಿದ್ದಿದ್ದವು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಅನ್ನಿಸಿತು. ಅಂಪೈರ್ ಜೊತೆ ಮಾತಾಡಿ ಟೇಲರ್‌ರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಹೊಡೆದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅವರು ಮನೆಯಲ್ಲಿ ಹೇಗಿದ್ದರು ಅನ್ನುವುದು ನನಗೆ ಬೇಕಾಗಿಲ್ಲ. ಆ ಹೊತ್ತಿನಲ್ಲಿ ಮಾಡಿದ್ದು ಎಲ್ಲರ ಕಣ್ಣೆದುರಿಗಿದೆ. ಮಕ್ಕಳಿಗೆ ಹೇಳಿಕೊಡಲು ಅಷ್ಟು ಸಾಕು ಅಲ್ವಾ?

ಹಾಗಾಗಿ ಒಂದು ಕೋರಿಕೆ. ‘ಮಾದರಿ ಪತಿ’, ‘ಯುವಜನರ ದೇವರು’ ಅನ್ನುವ ಮಾತುಗಳು ಜಾಹೀರಾತಿನಲ್ಲೇ ಇರಲಿ, ನಿಮ್ಮ ವರದಿಗಾರರ ಕೈಯಿಂದ ಬರುವುದು ಬೇಡ. ದುಡ್ಡು ಪಡೆದು ಹಾಕಿದ ಬರಹಕ್ಕೆ ‘ಜಾಹೀರಾತು’ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿ. ಆ 1980ರ ಟೆಸ್ಟಿನ ಕಥೆಯನ್ನು ಜಿಲ್ಲಾ ಪುಟದಲ್ಲಿ ಒಮ್ಮೆ ಫೋಟೊ ಸಮೇತ ಪೂರ್ತಿ ಬರೆಸಿ. ನಮ್ಮ ಸ್ಪೋರ್ಟ್ಸ್ ರೂಮಿನ ಗೋಡೆಗೆ ಅಂಟಿಸುತ್ತೇನೆ.

ಇತಿ,
ದೈಹಿಕ ಶಿಕ್ಷಣ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ