ಡಬ್ಬದೊಳಗೆ ಅಂಟಿಸುತ್ತಿದ್ದ ಆ ಹಾಳೆ ಎಲ್ಲಿ ಹೋಯಿತು? ಹಳೆಯ ಆಂಪ್ಲಿಫೈಯರ್ ಕಂಪನಿಗೆ ಒಂದು ದೂರು

ಇಂದ: ಆರ್ಕೆಸ್ಟ್ರಾ ಗಿಟಾರ್ ವಾದಕ, ದಾವಣಗೆರೆ
ಇವರಿಗೆ: ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಬೆಂಗಳೂರು ಕಚೇರಿ
ದಿನಾಂಕ: 10 ನವೆಂಬರ್ 2025
ವಿಷಯ: ಎರಡೇ ವರ್ಷಕ್ಕೆ ಕೆಟ್ಟ ಗಿಟಾರ್ ಆಂಪ್, ಸಿಗದ ಸ್ಪೇರ್ ಪಾರ್ಟ್

ಮಾನ್ಯರೇ,

ನಮ್ಮ ಮನೆಯವರು ನಿಮ್ಮ ಕಂಪನಿಯ ಎರಡು ಆಂಪ್ ಕೊಂಡಿದ್ದೇವೆ. ಒಂದನ್ನು ಅಪ್ಪ 1986ರಲ್ಲಿ ಬಾಂಬೆಯ ಲ್ಯಾಮಿಂಗ್ಟನ್ ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ತಂದರು. ಇನ್ನೊಂದನ್ನು ನಾನು 2023ರ ಜುಲೈನಲ್ಲಿ 64,000 ರೂಪಾಯಿ ಕೊಟ್ಟು ಹೊಸದಾಗಿ ತಂದೆ. ಹಳೆಯದು ಇವತ್ತಿಗೂ ಕೆಲಸ ಮಾಡುತ್ತಿದೆ. ಹೊಸದು ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಬಿಚ್ಚಿಕೊಂಡು ಬಿದ್ದಿದೆ.

ನಡೆದದ್ದು ಇಷ್ಟು. ಈ ವರ್ಷ ಮಾರ್ಚ್‌ನಲ್ಲಿ ಹೊಸ ಆಂಪ್ ಕರಕರ ಎನ್ನಲು ಶುರುವಾಯಿತು. ಆಗ ಇನ್ನೂ ವಾರಂಟಿ ಇತ್ತು. ಕಳುಹಿಸಿದೆ. 24 ದಿನ ಇಟ್ಟುಕೊಂಡು ‘ಸರಿಯಾಗಿದೆ’ ಎಂದು ವಾಪಸ್ ಕೊಟ್ಟಿರಿ. ಏನು ಕೆಟ್ಟಿತ್ತು, ಏನು ಮಾಡಿದಿರಿ ಎಂದು ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಜುಲೈಗೆ ವಾರಂಟಿ ಮುಗಿಯಿತು. ಗಣೇಶನ ಹಬ್ಬದ ವಾರ ಹರಿಹರದ ಪೆಂಡಾಲಿನಲ್ಲಿ ಕಾರ್ಯಕ್ರಮ. ಮೂರನೇ ಹಾಡು. ಪಲ್ಲವಿ ಮುಗಿದು ನನ್ನ ಬಿಜಿಎಂ ಬರಬೇಕು. ತಂತಿ ಮೀಟಿದೆ, ಸದ್ದೇ ಇಲ್ಲ. ಕೇಬಲ್ ಅಲ್ಲಾಡಿಸಿದೆ, ಒಮ್ಮೆ ಚಟ್ ಅಂದು ಪೂರ್ತಿ ನಿಂತುಹೋಯಿತು. ಕೀಬೋರ್ಡ್‌ನವನು ನನ್ನ ಭಾಗವನ್ನೂ ನುಡಿಸಿ ಹಾಡು ಉಳಿಸಿದ. ಉಳಿದ ಕಾರ್ಯಕ್ರಮ ಪೂರ್ತಿ ನಾನು ಸುಮ್ನೆ ಗಿಟಾರ್ ಹಿಡಿದು ನಿಂತಿದ್ದೆ. 22 ವರ್ಷದಿಂದ ಸ್ಟೇಜ್ ಹತ್ತುತ್ತಿದ್ದೇನೆ, ಹಾಗೆ ಯಾವತ್ತೂ ಆಗಿರಲಿಲ್ಲ. ಮರುದಿನದಿಂದ ಆ ಸೀಸನ್ನಿನ ಒಂಬತ್ತು ಕಾರ್ಯಕ್ರಮಗಳಿಗೂ ಹೊತ್ತುಕೊಂಡು ಹೋದದ್ದು ಅಪ್ಪನ ಆಂಪನ್ನೇ.

ನಮ್ಮೂರಿನಲ್ಲಿ ರೇಡಿಯೊ ರಿಪೇರಿ ಮಾಡುವ ಒಬ್ಬ ಅಜ್ಜ ಇದ್ದಾರೆ. ಅಪ್ಪನ ಆಂಪ್ ಇಷ್ಟು ವರ್ಷ ಬದುಕಿರುವುದು ಅವರ ಕೈಯಿಂದಲೇ. ಕೇಳಿಕೊಂಡೆ, ಹೊಸದರ ಹಿಂಬದಿ ಬಿಚ್ಚಿ ನೋಡಿದರು. ಏನನ್ನೂ ಮುಟ್ಟಲಿಲ್ಲ, ಟಾರ್ಚ್ ಹಿಡಿದು ನನಗೆ ತೋರಿಸಿದರು ಅಷ್ಟೇ. ಗಿಟಾರ್ ಕೇಬಲ್ ಚುಚ್ಚುವ ಸಾಕೆಟ್ ಪ್ಲಾಸ್ಟಿಕ್‌ದು. ಅದರ ಕಾಲುಗಳನ್ನು ನೇರವಾಗಿ ಸರ್ಕ್ಯೂಟ್ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಹೊರಗಿನ ತಗಡಿಗೆ ನಟ್ ಹಾಕಿ ಬಿಗಿದಿಲ್ಲ. ಪ್ರತಿ ಸಲ ಕೇಬಲ್ ಎಳೆದಾಗ ಆ ಎಳೆತವೆಲ್ಲ ಬೋರ್ಡಿಗೇ ಬೀಳುತ್ತದೆ. ಬೆಸುಗೆ ಒಡೆದು, ಅದರ ಸುತ್ತಲಿನ ತಾಮ್ರದ ಗೆರೆ ಸಿಪ್ಪೆಯ ಹಾಗೆ ಎದ್ದು ಬಂದಿತ್ತು. ಪಕ್ಕದ ಚಿಪ್ಪಿನ ಮೇಲಿನ, ಬದಲಿ ಹುಡುಕಲು ಬೇಕಾದ ನಂಬರನ್ನು ಯಾರೋ ಬೇಕಂತಲೇ ಕೆರೆದು ಹಾಕಿದ್ದರು. ‘ನಂಬರ್ ಕೆರೆದವರ ಮನಸ್ಸಿನಲ್ಲಿ ಏನಿತ್ತು ತಮ್ಮಾ?’ ಎಂದು ಅಜ್ಜ ಕೇಳಿದರು. ನಾನೂ ಅದನ್ನೇ ನಿಮಗೆ ಕೇಳುತ್ತಿದ್ದೇನೆ.

ಅಪ್ಪನ ಆಂಪ್ ಬಿಚ್ಚಿ ನೋಡಿ. ಸಾಕೆಟ್ ಲೋಹದ್ದು, ದಪ್ಪ ತಗಡಿಗೆ ನಟ್ ಹಾಕಿ ಬಿಗಿದಿದೆ. ಅಲ್ಲಿಂದ ಒಳಕ್ಕೆ ಎರಡು ವೈರ್. ಎಷ್ಟು ಎಳೆದರೂ ಒಳಗೆ ಏನೂ ಅಲುಗುವುದಿಲ್ಲ. ಮರದ ಡಬ್ಬದ ಒಳಗೋಡೆಗೆ ನಿಮ್ಮ ಕಂಪನಿಯೇ ಒಂದು ಹಾಳೆ ಅಂಟಿಸಿದೆ. ಪೂರ್ತಿ ಸರ್ಕ್ಯೂಟ್ ಚಿತ್ರ, ಯಾವ ಜಾಗಕ್ಕೆ ಯಾವ ವಾಲ್ವ್ (ಸದ್ದು ಹೆಚ್ಚಿಸುವ ಗಾಜಿನ ಕೊಳವೆ), ಎಲ್ಲಿ ಎಷ್ಟು ವೋಲ್ಟ್ ಇರಬೇಕು, ಎಲ್ಲ ಇದೆ. ಹಾಳೆ ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಅದರ ಅಂಚಿನಲ್ಲಿ ಅಜ್ಜ ಪೆನ್ಸಿಲ್ಲಿನಿಂದ ತಾವು ಬದಲಿಸಿದ್ದನ್ನೆಲ್ಲ ತಾರೀಕು ಸಮೇತ ಬರೆದಿಟ್ಟಿದ್ದಾರೆ. ಇಸಿಸಿ83 ಎಂಬ ವಾಲ್ವ್ ಎರಡು ಸಲ, ಇಎಲ್84 ವಾಲ್ವ್ ಜೋಡಿ ಮೂರು ಸಲ, ಕೆಪಾಸಿಟರ್ ಒಂದು ಸಲ. ವಾಲ್ವ್‌ಗಳು ಬಂದದ್ದು ಅವರ ಹಳೇ ಬಿಸ್ಕತ್ ಡಬ್ಬಿಯಿಂದ. ಬೆಂಗಳೂರಿನ ಜಾಲಹಳ್ಳಿಯ ಸರ್ಕಾರಿ ಕಂಪನಿ ಬಿಇಎಲ್ ಒಂದು ಕಾಲಕ್ಕೆ ಇವನ್ನು ತಯಾರಿಸುತ್ತಿತ್ತು. ದೂರದ ದೇಶದಲ್ಲಿ ಮಾಡಿದ ಆಂಪ್, ನಮ್ಮ ಜಾಲಹಳ್ಳಿಯ ವಾಲ್ವ್, ದಾವಣಗೆರೆಯ ಅಜ್ಜ. ಮೂರೂ ಕೂಡಿಬಂದದ್ದು ಆ ಒಂದು ಹಾಳೆಯಿಂದ. ಹೊಸದರೊಳಗೆ ಅಂಥ ಹಾಳೆಯೇ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ಆಂಪನ್ನು ಮತ್ತೆ ನಿಮಗೆ ಕಳುಹಿಸಿದೆ. ಒಂಬತ್ತು ವಾರ ಆಯಿತು. ಮೊದಲು ಬೋರ್ಡ್ ಪೂರ್ತಿ ಬದಲಿಸಬೇಕು, 31,400 ರೂಪಾಯಿ ಅಂದಿರಿ. ಒಂದು ಸಾಕೆಟ್ ಹೋದದ್ದಕ್ಕೆ ಆಂಪಿನ ಅರ್ಧ ಬೆಲೆ! ಅದಕ್ಕೂ ಒಪ್ಪಿಕೊಂಡೆ. ಆಮೇಲೆ ಆ ಮಾಡೆಲ್ ನಿಂತುಹೋಗಿದೆ, ಬೋರ್ಡ್ ಬರುವುದಿಲ್ಲ ಅಂದಿರಿ. ಹೊಸ ಮಾಡೆಲ್ ಕೊಂಡರೆ ಹತ್ತು ಪರ್ಸೆಂಟ್ ಕಡಿಮೆ ಮಾಡುತ್ತೇವೆ ಎಂದು ಮೆಸೇಜ್ ಬಂತು. ನಿಮ್ಮಿಂದ ನನಗೆ ಬಂದ ಕೊನೆಯ ಮಾತು ಅದು.

ನಾನು ಒಬ್ಬ ಸಾಮಾನ್ಯ ಗಿರಾಕಿ. ಆದರೆ ಈ ವಾದ್ಯಗಳ ಚರಿತ್ರೆ ಸ್ವಲ್ಪ ಓದಿಕೊಂಡಿದ್ದೇನೆ. ಫೆಂಡರ್ ಗಿಟಾರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ ಅವರು ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಕೆಟ್ಟದ್ದನ್ನು ದಿನವೂ ಬಿಚ್ಚಿ ನೋಡಿದ ಮನುಷ್ಯ. ಅದಕ್ಕೇ ಅವರು ಮಾಡಿದ ಆಂಪ್ ಬಿಚ್ಚುವುದು ಸುಲಭ. ಗಿಟಾರಿನ ಕತ್ತನ್ನು ಕೂಡ ಅಂಟು ಹಾಕದೆ ಸ್ಕ್ರೂನಿಂದ ಕೂರಿಸಿದರು. 1965ರಲ್ಲಿ ಆ ಕಂಪನಿ 1 ಕೋಟಿ 30 ಲಕ್ಷ ಡಾಲರ್‌ಗೆ ಅಮೆರಿಕದ ರೇಡಿಯೊ-ಟಿವಿ ಕಂಪನಿ ಸಿಬಿಎಸ್ ಕೈ ಸೇರಿತು. ಅದರ ನಂತರ ಗುಣಮಟ್ಟ ಇಳಿಯಿತು ಎಂದು ನುಡಿಸುವವರು ಇವತ್ತಿಗೂ ಹೇಳುತ್ತಾರೆ, 1965ಕ್ಕೆ ಮುಂಚಿನವಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಕೊನೆಗೆ 1985ರಲ್ಲಿ ಒಳಗಿನವರೇ ಸೇರಿ ಕಂಪನಿಯನ್ನು ಬಿಡಿಸಿಕೊಳ್ಳಬೇಕಾಯಿತು. ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್, 1902ರದ್ದು. 2014ರಲ್ಲಿ ಫಿಲಿಪ್ಸ್‌ನ ಮನೆಬಳಕೆ ಆಡಿಯೋ ವ್ಯಾಪಾರ ಕೊಂಡಿತು. 2018ರ ಮೇ ತಿಂಗಳಲ್ಲಿ ಸಾಲದ ಹೊರೆಯಲ್ಲಿ ದಿವಾಳಿ ಕೋರ್ಟಿಗೆ ಹೋಯಿತು. ಅಲ್ಲಿಂದ ಎದ್ದು ಬಂದದ್ದು ಮತ್ತೆ ಗಿಟಾರನ್ನೇ ನೆಚ್ಚಿಕೊಂಡು.

ನಿಮ್ಮ ಹೆಸರೂ ಅಂಥ ಹಳೆಯ ಹೆಸರೇ. ನೀವು ಸೋಲುವುದು ನನಗೆ ಬೇಕಿಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ಸ್ವಿಚ್ ಹಾಕಿ, ವಾಲ್ವ್ ಕೆಂಪಗಾಗುವವರೆಗೂ ಕಾಯಿಸಿ, ಆಮೇಲೆ ‘ಈಗ ನುಡಿಸು’ ಎನ್ನುತ್ತಿದ್ದರು. ನಾನು ಮೊದಲು ನುಡಿಸಿದ್ದು ನಿಮ್ಮ ಆಂಪಿನಲ್ಲೇ. ಅದಕ್ಕೇ 2023ರಲ್ಲಿ ಅಂಗಡಿಯವರು ಬೇರೆ ಎರಡು ಕಂಪನಿಯವನ್ನು ತೋರಿಸಿದರೂ ನಿಮ್ಮದನ್ನೇ ತಂದೆ.

ನನಗೆ ಹೊಸ ಮಾಡೆಲ್ ಬೇಡ, ಹತ್ತು ಪರ್ಸೆಂಟೂ ಬೇಡ. ಬೋರ್ಡ್ ತರಿಸಿ, ಸಾಕೆಟ್ಟನ್ನು ತಗಡಿಗೆ ಬಿಗಿದು, ಖರ್ಚಿಲ್ಲದೆ ಸರಿ ಮಾಡಿಕೊಡಿ. ಯಾಕೆಂದರೆ ಇದೇ ತೊಂದರೆ ವಾರಂಟಿ ಇದ್ದಾಗಲೇ ನಿಮ್ಮ ಮುಂದೆ ಬಂದಿತ್ತು. ಅದು ಆಗದಿದ್ದರೆ 64,000 ರೂಪಾಯಿ ವಾಪಸ್ ಕೊಡಿ. 30 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಮಾರ್ಚ್ ತಿಂಗಳ ಚೀಟಿ, ಒಡೆದ ಬೆಸುಗೆಯ ನಾಲ್ಕು ಫೋಟೊ, ಅಪ್ಪನ ಆಂಪಿನೊಳಗಿನ ಹಾಳೆಯ ಒಂದು ಫೋಟೊ ಜೊತೆಗಿಟ್ಟಿದ್ದೇನೆ.

ಇನ್ನೊಂದು ಮಾತು. ಆ ಮಾಡೆಲ್ ನಿಂತುಹೋಗಿದೆ ಅಂತ ನೀವೇ ಹೇಳಿದ್ದೀರಿ. ಹಾಗಿದ್ದರೆ ಅದರ ಸರ್ಕ್ಯೂಟ್ ಚಿತ್ರವನ್ನು ಬಚ್ಚಿಡಲು ಕಾರಣವೇನೂ ಉಳಿದಿಲ್ಲ, ಅಲ್ವಾ? ಚಿತ್ರವನ್ನೂ ಆ ಚಿಪ್ಪಿನ ನಂಬರನ್ನೂ ಕಳುಹಿಸಿಕೊಡಿ. ಅಜ್ಜ ಕಾಯುತ್ತಿದ್ದಾರೆ.

ಇಂತಿ ನಿಮ್ಮ ಗ್ರಾಹಕ