ಜ್ವರ ಬಿಟ್ಟಿತು ಅಂತ ಔಷಧಿ ಬಿಡಬೇಡಿ

ಕಾರವಾರ

ಪ್ರೀತಿಯ ಪೋಷಕರೇ,

ಎರಡನೇ ತರಗತಿಯ ಮಗುವೊಂದಕ್ಕೆ ಟೈಫಾಯ್ಡ್ ಅಂತ ಗೊತ್ತಾದಾಗಿನಿಂದ ನನ್ನ ಫೋನಿಗೆ ಬಿಡುವಿಲ್ಲ. "ಟೀಚರ್, ನಮ್ಮ ಮಗುನ ಕಳಿಸಬಹುದಾ?" ಕಳಿಸಿ. ಇದು ಪಕ್ಕದಲ್ಲಿ ಕೂತರೆ ಅಂಟುವ ಜ್ವರ ಅಲ್ಲ. ರೋಗ ಇರುವವರ ಮಲದ ಅಂಶ ನೀರಿಗೋ ತಿಂಡಿಗೋ ಸೇರಿ ನಮ್ಮ ಹೊಟ್ಟೆಗೆ ಹೋದರೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಬಾವಿಗಳು ಕೈಗೆ ಸಿಗುವಷ್ಟು ತುಂಬುತ್ತವೆ, ಕೆಲವರ ಮನೆಯಲ್ಲಿ ನಾಲ್ಕು ಹೆಜ್ಜೆ ಆಚೆಗೇ ಶೌಚದ ಗುಂಡಿ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಸಿ.

ಈಗ ಜ್ವರ ಬಂದ ಮನೆಯವರಿಗೆ. 3 ದಿನವಾದರೂ ಜ್ವರ ಬಿಡದಿದ್ದರೆ ಮೆಡಿಕಲ್ ಶಾಪಿನ ಮಾತ್ರೆ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಹೇಳಿದರೆ ಆಂಟಿಬಯಾಟಿಕ್ ಶುರುವಾಗುವ ಮೊದಲೇ ಮಾಡಿಸಿ.

ನನ್ನ ಮಗನಿಗೆ 5 ವರ್ಷವಿದ್ದಾಗ ಇದೇ ಬಂದಿತ್ತು. ಔಷಧಿ ಶುರುವಾಗಿ 3 ದಿನವಾದರೂ ಮೈ ಸುಡುತ್ತಿತ್ತು, ನಾನು ಡಾಕ್ಟರನ್ನೇ ಬದಲಿಸಲು ಹೊರಟಿದ್ದೆ. ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು 4-5 ದಿನ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಇಳಿದ ಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ: ಉಳಿದ ಡೋಸ್ ನಿಲ್ಲಿಸಿಬಿಟ್ಟೆ. ಎರಡು ವಾರಕ್ಕೆ ಜ್ವರ ಮತ್ತೆ ಬಂತು. ಟೀಚರ್ ಆದವಳ ಬುದ್ಧಿ ಇದು!

ಅಮ್ಮ ಒಬ್ಬಳ ಮೇಲೇ ಎಲ್ಲ ಹಾಕಬೇಡಿ. ಜ್ವರ ಎಷ್ಟು, ಔಷಧಿ ಯಾವ ಹೊತ್ತಿಗೆ ಕೊಟ್ಟಿದ್ದು ಅಂತ ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ, ಡಾಕ್ಟರಿಗೆ ಅದು ಬಹಳ ಉಪಯೋಗ. ಅಜ್ಜಿ ಜ್ವರಕ್ಕೆ ಲಂಘನ ಅನ್ನುತ್ತಾರೆ, ಜಗಳಕ್ಕೆ ಹೋಗದೆ ಮೆತ್ತಗಿನ ಕುಚ್ಚಲಕ್ಕಿ ಗಂಜಿ ಮಾಡುವ ಕೆಲಸ ಅವರಿಗೇ ಕೊಡಿ, ಅವರೇ ಕೂತು ತಿನ್ನಿಸುತ್ತಾರೆ. ಎಳನೀರು, ಓಆರ್‌ಎಸ್ ಗುಟುಕು ಗುಟುಕಾಗಿ. ಸೂಜಿ ಚುಚ್ಚುವಾಗ "ನೋವೇ ಆಗಲ್ಲ" ಅಂತ ಸುಳ್ಳು ಹೇಳಬೇಡಿ, ತೊಡೆ ಮೇಲೆ ಕೂರಿಸಿಕೊಳ್ಳಿ ಸಾಕು. ಮಗುವನ್ನು ತೊಳೆಸಿದವರು ಸೋಪು ಹಚ್ಚಿ ಕೈ ತೊಳೆಯದೆ ಅಡುಗೆಮನೆಗೆ ಕಾಲಿಡಬಾರದು.

ಹೊಟ್ಟೆ ಉಬ್ಬಿ ಜಾಸ್ತಿ ನೋವು, ಮಲದಲ್ಲಿ ರಕ್ತ, ಕುಡಿದಿದ್ದೆಲ್ಲ ವಾಂತಿ, ಮಗು ಮಂಕಾಗಿ ಮಾತಾಡದೆ ಮಲಗುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.

6 ತಿಂಗಳು ದಾಟಿದ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಇದೆ. ಹಾಕಿಸಿಲ್ಲದಿದ್ದರೆ ಡಾಕ್ಟರ ಹತ್ತಿರ ಕೇಳಿ.

ಹಾಜರಿ, ನೋಟ್ಸಿನ ಚಿಂತೆ ಬಿಡಿ, ಜ್ವರ ಬಂದ ಮಗುವನ್ನು ಡಾಕ್ಟರ್ ಹೇಳಿದ ಮೇಲೆಯೇ ಕಳಿಸಿ. ಮಧ್ಯಾಹ್ನದ ಡೋಸ್ ಇನ್ನೂ ಬಾಕಿ ಇದ್ದರೆ ಬಾಟಲಿಗೆ ಮಗುವಿನ ಹೆಸರು ಬರೆದು, ಡಾಕ್ಟರ ಚೀಟಿಯ ಜೊತೆ ನನ್ನ ಕೈಗೇ ಕೊಡಿ. ಊಟದ ನಂತರ ನಾನೇ ಕುಡಿಸುತ್ತೇನೆ.

ನಿಮ್ಮ
ಮುಖ್ಯ ಶಿಕ್ಷಕಿ